ಬರ್ನ್‌ಔಟ್ ರೋಗವಾ? ನಮ್ಮ ಮನೆ ಗುಂಪಿನ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಮಾತು ಇದು. ತಮ್ಮ ಪುಟ್ಟನನ್ನು ಕೇಳಿಯೇ ಹಾಕುತ್ತಿದ್ದೇನೆ. ನಡುನಡುವೆ ಬಂದ ಗುಡ್ ಮಾರ್ನಿಂಗ್ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ಭಾವ (ಫಾರ್ವರ್ಡ್): ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆ!! ಬರ್ನ್‌ಔಟ್ ಈಗ ಅಧಿಕೃತ ರೋಗ. ಸದಾ ಸುಸ್ತು, ಸಿಡುಕು ಇದರ ಲಕ್ಷಣ. ಮನಸ್ಸು ಗಟ್ಟಿ ಇಲ್ಲದವರಿಗೆ ಬೇಗ ಬರುತ್ತದೆ. ತಪ್ಪದೆ ಎಲ್ಲರಿಗೂ ಕಳಿಸಿ.

ಭಾವ: ನಾನು ಆವಾಗಲೇ ಹೇಳಿದ್ದೆ ಅಲ್ವಾ?

ಅಕ್ಕ: ರೀ, ಇದು ಎಲ್ಲಿಂದ ಬಂತು? ಯಾವ ವರ್ಷದ ಘೋಷಣೆ?

ಭಾವ: ಆಫೀಸ್ ಗುಂಪಿನಲ್ಲಿ ಬಂದಿತ್ತು. ಪಕ್ಕದ ರೂಮಿನಲ್ಲೇ ಇದ್ದೀಯ, ಬಂದು ಕೇಳಬಾರದಾ?

ಅಕ್ಕ: ನೀವು ಕಳಿಸಿದ್ದು ಇಲ್ಲಿ. ನಾನು ಕೇಳುವುದೂ ಇಲ್ಲೇ.

ದೊಡ್ಡಪ್ಪ: ನಾವೂ ಸರ್ವೀಸ್ ಮಾಡಿದವರೇ. ಭಾನುವಾರ ಕರೆದರೂ ಹೋಗುತ್ತಿದ್ದೆವು. ಆಗ ಈ ರೋಗ ಯಾರಿಗೂ ಇರಲಿಲ್ಲ. ಕೆಲಸವನ್ನು ಪ್ರೀತಿಸಿದವನಿಗೆ ಸುಸ್ತಾಗುವುದಿಲ್ಲ. ಈಗಿನವರಿಗೆ ತಾಳ್ಮೆ ಕಮ್ಮಿ, ಅಷ್ಟೇ.

ನಾನು: ಭಾವ, ಇದು 2019ರ ಮೇ ತಿಂಗಳ ಸುದ್ದಿ. ಆಗಲೂ ತಪ್ಪಾಗಿಯೇ ಹರಡಿತ್ತು. ಆ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಇರುವುದು ನಿಜ. ಆದರೆ ರೋಗ ಅಂತ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಪತ್ರಿಕೆಗಳು ರೋಗ ಅಂತ ಬರೆದ ಮೇಲೆ ಸಂಸ್ಥೆಯೇ ಸ್ಪಷ್ಟನೆ ಕೊಟ್ಟಿತು. ಕೆಲಸದ ಒತ್ತಡ ಬಹಳ ಕಾಲ ಬಗೆಹರಿಯದೆ ಉಳಿದಾಗ ಬರುವುದು ಇದು. ಮೈಮನಸ್ಸಿನ ಶಕ್ತಿಯೆಲ್ಲ ಬಸಿದು ಹೋಗುತ್ತದೆ. ಕೆಲಸದ ಮೇಲೆ ಬೇಸರ, ತಾತ್ಸಾರ ಬರುತ್ತದೆ. ಮೊದಲಿನ ಹಾಗೆ ಕೆಲಸ ಮಾಡಲು ಆಗುವುದಿಲ್ಲ. ಮನಸ್ಸು ಗಟ್ಟಿ ಇಲ್ಲದವರಿಗೆ ಬರುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ.

ದೊಡ್ಡಪ್ಪ: ರೋಗ ಅಲ್ಲ ಅಂತ ನೀನೇ ಹೇಳಿದೆಯಲ್ಲ. ನಾನು ಹೇಳಿದ್ದೂ ಅದೇ.

ಅಕ್ಕ: ಇಲ್ಲ ದೊಡ್ಡಪ್ಪ. ನೀವು ಹೇಳಿದ್ದು ತಾಳ್ಮೆ ಕಮ್ಮಿ ಅಂತ. ಮೇಲೆ ಹಾಗೇ ಇದೆ, ನೋಡಿ.

ನಾನು: ಪ್ರೀತಿಸಿದವರಿಗೆ ಸುಸ್ತಾಗುವುದಿಲ್ಲ ಅನ್ನುವುದೂ ಸರಿಯಲ್ಲ ದೊಡ್ಡಪ್ಪ. 1974ರಲ್ಲಿ ಮನಶ್ಶಾಸ್ತ್ರಜ್ಞ ಫ್ರಾಯ್ಡೆನ್‌ಬರ್ಗರ್ ಇದರ ಬಗ್ಗೆ ಬರೆದಾಗ ಅವರು ನೋಡಿದ್ದು ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಿನಲ್ಲಿ ಸೇವೆ ಮಾಡುತ್ತಿದ್ದವರನ್ನು. ಮನಸ್ಸಿಟ್ಟು ಕೆಲಸ ಮಾಡುವವರೇ ಜಾಸ್ತಿ ಬಳಲುತ್ತಾರೆ ಅಂತ ಅವರು ಬರೆದರು.

ಪುಟ್ಟ: ದೊಡ್ಡಪ್ಪ, ನನ್ನ ಬಗ್ಗೆ ಹೇಳುವುದಿದ್ದರೆ ನೇರವಾಗಿ ಹೇಳಿ. ಕೆಲಸ ಬಿಟ್ಟಾಗ ‘ಓಡಿ ಬಂದ’ ಅಂತ ಎಲ್ಲರ ಮುಂದೆ ಅಂದಿದ್ದಿರಿ. ಮರೆತಿಲ್ಲ.

ದೊಡ್ಡಪ್ಪ: ಈಗ ನಾನು ಯಾರ ಹೆಸರೂ ಎತ್ತಿಲ್ಲ.

ಅತ್ತೆ: ಹೆಸರು ಎತ್ತದೆ ಚುಚ್ಚುವುದು ಅಣ್ಣನ ಹಳೇ ಅಭ್ಯಾಸ. ಇರಲಿ ಬಿಡಿ. ಅಪ್ಪನ ನೆನಪಾಯಿತು. ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟವರೇ ರೇಡಿಯೋ ಪಕ್ಕ ಕೂರುತ್ತಿದ್ದರು. ಸ್ಟೇಷನ್ ಸಿಗದೆ ಬರೀ ಗೊರಗೊರ ಅಂದರೂ ಆಫ್ ಮಾಡುತ್ತಿರಲಿಲ್ಲ. ಮಾತಾಡಿಸಲು ಹೋದರೆ ಬೇಡ ಅಂತ ಕೈ ಆಡಿಸುತ್ತಿದ್ದರು.

ದೊಡ್ಡಪ್ಪ: ಅದು ಕೊನೇ ಕೆಲವು ವರ್ಷ ಮಾತ್ರ. ಹೊಸ ಸಾಹೇಬ ಬಂದು, ಅಪ್ಪ ಬರೆದ ಒಂದೊಂದು ಕಾಗದವನ್ನೂ ವಾಪಸ್ ಕಳಿಸಲು ಶುರು ಮಾಡಿದ ಮೇಲೆ. ಅದಕ್ಕೆ ಮೊದಲು ಆಫೀಸಿನ ಕತೆ ಹೇಳಿ ನಗಿಸುತ್ತಿದ್ದರು. ನೀನು ಆಗ ಚಿಕ್ಕವಳು.

ಅತ್ತೆ: ಆ ರೇಡಿಯೋ ನಿಮ್ಮ ಮನೆಗೆ ಹೋಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲ.

ದೊಡ್ಡಪ್ಪ: ಅದು ಕೆಟ್ಟಿತ್ತು.

ಅತ್ತೆ: ಕೆಟ್ಟರೂ ಅಪ್ಪನದು.

ನಾನು: ರೇಡಿಯೋ ಆಮೇಲೆ ನೋಡೋಣ ಅತ್ತೆ. ದೊಡ್ಡಪ್ಪ, ಅಜ್ಜನ ತಾಳ್ಮೆ ಒಮ್ಮೆಲೇ ಕಮ್ಮಿ ಆಯಿತಾ? ಬದಲಾದದ್ದು ಕೆಲಸ. 1979ರಲ್ಲಿ ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕ್ಯಾರಸೆಕ್ ಹೇಳಿದ್ದು ಇದನ್ನೇ. ಬರೀ ಹೊರೆ ನೋಡಿದರೆ ಸಾಲದು. ಹೊರೆ ಜಾಸ್ತಿ ಇದ್ದು, ಕೆಲಸ ಹೇಗೆ ಮಾಡಬೇಕು ಅನ್ನುವುದು ನಮ್ಮ ಕೈಯಲ್ಲಿ ಇಲ್ಲದಾಗ ಮನುಷ್ಯ ಕುಸಿಯುತ್ತಾನೆ.

ದೊಡ್ಡಪ್ಪ: ಅಧಿಕಾರ ಇದ್ದವನಿಗೇ ತಲೆನೋವು ಜಾಸ್ತಿ. ಹಾರ್ಟ್ ಅಟ್ಯಾಕ್ ಆಗುವುದು ದೊಡ್ಡ ಸಾಹೇಬರಿಗೆ.

ಅಕ್ಕ: ಇದಕ್ಕೆ ಆಧಾರ?

ನಾನು: ಆಧಾರ ಉಲ್ಟಾ ಇದೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತವರು ಕೆಳಗಿನ ದರ್ಜೆಯವರು. ಸಿಗರೇಟು, ಬಿಪಿ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಹೋಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ 10,308 ಜನ ಇದ್ದರು. ಕೆಲಸದ ಮೇಲೆ ಹಿಡಿತ ಕಮ್ಮಿ ಇದ್ದವರಿಗೆ ಹೃದಯದ ತೊಂದರೆ ಜಾಸ್ತಿ ಕಂಡಿತು.

ಅಕ್ಕ: ಅದೇ ಕಾರಣ ಅಂತ ಸಾಬೀತಾಯಿತಾ? ಎರಡೂ ಜೊತೆಗೆ ಕಂಡವು ಅಷ್ಟೇ ಅಲ್ವಾ?

ನಾನು: ಜೊತೆಗೆ ಕಂಡದ್ದೇ ಅಕ್ಕ. ಆದರೆ ಹಿಡಿತ ಎಷ್ಟಿದೆ ಅಂತ ಮೊದಲು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕಾದು, ಆಮೇಲೆ ಕಾಯಿಲೆ ಯಾರಿಗೆ ಬಂತು ಅಂತ ನೋಡಿದ್ದಾರೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಭಾವ: ನಮ್ಮಲ್ಲಿ ಒತ್ತಡ ಕಮ್ಮಿ ಮಾಡಿಕೊಳ್ಳಲು ಧ್ಯಾನದ ಆ್ಯಪ್ ಕೊಟ್ಟಿದ್ದಾರೆ.

ಅಕ್ಕ: ತೆರೆದು ನೋಡಿದ್ದೀರಾ?

ಭಾವ: ಟೈಮ್ ಎಲ್ಲಿದೆ?

ನಾನು: ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಇದನ್ನೇ ಒತ್ತಿ ಹೇಳುತ್ತಾರೆ. ಮನುಷ್ಯನನ್ನು ಮಾತ್ರ ಸರಿಮಾಡಲು ಹೋಗಬೇಡಿ, ಕೆಲಸವನ್ನೂ ನೋಡಿ ಅಂತ. ಹೊರೆ ಎಷ್ಟು, ಹಿಡಿತ ಎಷ್ಟು, ಮಾಡಿದ್ದಕ್ಕೆ ಮನ್ನಣೆ ಇದೆಯಾ, ಜೊತೆಗಿರುವವರು ಹೇಗೆ, ನ್ಯಾಯ ಇದೆಯಾ, ಮನಸ್ಸು ಒಪ್ಪುವ ಕೆಲಸವಾ. ಪುಟ್ಟ ಕೆಲಸ ಬಿಟ್ಟಾಗ ಇದರಲ್ಲಿ ಒಂದನ್ನಾದರೂ ಯಾರಾದರೂ ಕೇಳಿದಿರಾ?

ಪುಟ್ಟ: ಯಾರೂ ಕೇಳಲಿಲ್ಲ. ಈಗ ಹೇಳುತ್ತೇನೆ. ಒಂದು ಕಾಲ್ ಮುಗಿದ ತಕ್ಷಣ ಸ್ಕ್ರೀನಿನ ಮೇಲೆ ಸೆಕೆಂಡು ಓಡುತ್ತಿತ್ತು. ಅದು ಕೆಂಪಾಗುವುದರೊಳಗೆ ಮುಂದಿನ ಕಾಲ್ ತೆಗೆಯಬೇಕು. ಬಾತ್‌ರೂಮಿಗೆ ಹೋಗಲೂ ಒಂದು ಬಟನ್ ಒತ್ತಬೇಕು, ಅದರ ಲೆಕ್ಕ ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದುತ್ತಿದ್ದರು. ದುಡ್ಡು ವಾಪಸ್ ಕೊಡುವ ಅಧಿಕಾರ ನನಗಿಲ್ಲ, ಬೈಗುಳ ಕೇಳುವವನು ನಾನು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಫೋನಿನಲ್ಲಿ ಅಳುತ್ತಿದ್ದರು. ನಾನು ಮ್ಯೂಟ್ ಮಾಡಿ ಸೆಕೆಂಡು ನೋಡುತ್ತಾ ಕೂತಿದ್ದೆ. ಏನೂ ಅನಿಸಲಿಲ್ಲ. ಅವತ್ತೇ ರಾಜೀನಾಮೆ ಬರೆದೆ.

ದೊಡ್ಡಪ್ಪ: ಮೇಲಿನವರಿಗೆ ಹೇಳಬೇಕಿತ್ತು.

ಪುಟ್ಟ: ಹೇಳಿದ್ದೆ. ಕೆಲಸ ಬೇಕಾದವರು ಹೊರಗೆ ತುಂಬಾ ಜನ ಇದ್ದಾರೆ ಅಂದರು.

ದೊಡ್ಡಪ್ಪ: ಸಂಜೆ ಫೋನ್ ಮಾಡು. ಈ ಗುಂಪಿನಲ್ಲಿ ಬೇಡ.

ಅತ್ತೆ: ಅಂದಿದ್ದು ಎಲ್ಲರ ಮುಂದೆ. ಈಗ ಮಾತ್ರ ಗುಟ್ಟಾಗಿ ಯಾಕೆ ಅಣ್ಣ?

ಅಕ್ಕ: ರೀ, ಆ ಫಾರ್ವರ್ಡ್ ಡಿಲೀಟ್ ಮಾಡಿ.

ಭಾವ: ಇಲ್ಲಿ ಮಾಡಿದೆ. ಬೇರೆ ಗುಂಪುಗಳಿಗೂ ಹೋಗಿಬಿಟ್ಟಿದೆ. ನೀನು ಮೇಲೆ ಹೇಳಿದೆಯಲ್ಲ, ಆ ಸ್ಪಷ್ಟನೆಯ ಲಿಂಕ್ ಕಳಿಸು. ಅಲ್ಲೂ ಹಾಕುತ್ತೇನೆ.