ಸಂಜೆಯಾದ್ರ ಅಪ್ಪಾರು ಊರ ಹೊಲದಾಗ ಇರ್ತಾರ, ಏನ್ ಮಾಡ್ಬೇಕು?

ಠಾಣೆ_ವಿಜಯಪುರ
ಅಪ್ಪಾರಿಗೆ 78. ಸೊಂಟದ ಮೂಳೆ ಆಪರೇಷನ್ ಆಗಿ ಮೂರನೇ ದಿನ. ಮುಂಜಾನೆ ಸರಿಯಾಗೇ ಮಾತಾಡ್ತಾರ. ಸಂಜೆ ಆರರ ಮ್ಯಾಲೆ "ಮೋಟರ್ ಚಾಲೂ ಮಾಡು, ಕಬ್ಬಿಗೆ ನೀರ್ ಹಾಯಿಸ್ಬೇಕು" ಅಂತ ಸಲಾಯಿನ್ ಕೀಳಾಕ ಹೋಗ್ತಾರ. ಮುಂಬೈ ಹತ್ರದ ಠಾಣೆ ಊರಿನ ದವಾಖಾನ್ಯಾಗ ಅದೀವಿ, ಸಿಸ್ಟರಿಗೆ ಮರಾಠಿ ಬರ್ತದ, ಕನ್ನಡ ಬರಲ್ಲ. ಹೂಂ ಅನ್ಬೇಕೋ, ತಿದ್ದಬೇಕೋ?

ವಾರ್ಡ್_ಸಿಸ್ಟರ್
ಇದಕ್ಕೆ ಡೆಲಿರಿಯಮ್ ಅಂತಾರೆ. ಹುಚ್ಚಲ್ಲ, ದಿಢೀರನೆ ಬರೋ ಗೊಂದಲ. ವಯಸ್ಸಾದವರಿಗೆ ಈ ಆಪರೇಷನ್ ಆದ ಮೇಲೆ ಸಾಮಾನ್ಯ, ಸಂಜೆಗೆ ಹೆಚ್ಚಾಗುತ್ತೆ. ಆದರೆ ವಯಸ್ಸಾಯ್ತು ಅಂತ ಬಿಡಬೇಡಿ, ಹಿಂದೆ ಕಾರಣ ಇರುತ್ತೆ. ಇವತ್ತೇ ಡಾಕ್ಟರನ್ನ ಕೇಳಿ: ಕ್ಯಾಥೆಟರ್ (ಮೂತ್ರದ ನಳಿಕೆ) ತೆಗೆದ ಮೇಲೆ ಮೂತ್ರ ಕಟ್ಟಿದೆಯಾ, ಸಂಡಾಸಿಗೆ ಹೋಗಿ ಎಷ್ಟು ದಿನವಾಯ್ತು, ರಕ್ತದಲ್ಲಿ ಸೋಡಿಯಂ, ಆಕ್ಸಿಜನ್ ಹೇಗಿದೆ, ಸೋಂಕಿದೆಯಾ, ನೋವಿನ ಔಷಧಿ ಕಮ್ಮಿಯೋ ಜಾಸ್ತಿಯೋ. ಮನೆಯಲ್ಲಿ ತಗೋತಿದ್ದ ಎಲ್ಲ ಗುಳಿಗೆಯ ಸ್ಟ್ರಿಪ್ ತಂದು ತೋರಿಸಿ. ನಿದ್ದೆ ಗುಳಿಗೆಯೋ ಕುಡಿತವೋ ಅಡ್ಮಿಟ್ ಆದ ದಿನ ನಿಂತುಹೋಗಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಚಿಕಿತ್ಸೆಯೇ ಬೇರೆಯಾಗುತ್ತೆ. ಇಡೀ ದಿನ ಮಂಕಾಗಿ ಮಲಗಿದರೆ ಅದೂ ಇದೇ ಇರಬಹುದು, ತಕ್ಷಣ ಹೇಳಿ.

ಪುಣೆ_ಆರೈಕೆ
ವಾದ ಬ್ಯಾಡ್ರಿ, ಸುಳ್ಳೂ ಬ್ಯಾಡ. "ಕಬ್ಬಿನ ಚಿಂತಿ ಹತ್ತೇತೇನ್ರೀ?" ಅಂತ ಕೈ ಹಿಡ್ಕೋರಿ. ಆಮ್ಯಾಲೆ ಸಣ್ಣ ಮಾತಿನಾಗ: "ನಾವೀಗ ಠಾಣೆ ದವಾಖಾನ್ಯಾಗ ಅದೀವಿ. ಆಪರೇಷನ್ ಆಗೇತಿ. ನಾ ಇಲ್ಲೇ ಕುಂತೀನಿ." ಮುಂದ ಹೊಲದ್ದೇ ಕೇಳ್ರಿ, ಬಾವಿ ಎಷ್ಟು ಆಳ ಇತ್ತು, ಎತ್ತಿನ ಹೆಸರೇನು ಅಂತ. ಹಳೇ ನೆನಪು ಗಟ್ಟಿ ಇರ್ತಾವ, ಹೇಳ್ತಾ ಹೇಳ್ತಾ ಕೈ ಸಲಾಯಿನ್ ಬಿಡ್ತದ. "ನಾ ಯಾರು ಹೇಳ್ರಿ?" ಅಂತ ಪರೀಕ್ಷಾ ಮಾತ್ರ ಮಾಡಬ್ಯಾಡ್ರಿ, ಗೊತ್ತಾಗದಿದ್ರ ಹೆದರ್ತಾರ.

ತಲೆಕಡೆ ಕನ್ನಡ-ಮರಾಠಿ ಶಬ್ದದ ಒಂದು ಹಾಳೆ ಅಂಟಿಸ್ರಿ: ನೀರು ಅಂದ್ರ ಪಾಣಿ, ಬ್ಯಾನಿ ಅಂದ್ರ ದುಖತಂಯ, ಒಂದಕ್ಕ ಅಂದ್ರ ಲಘವಿ. ಕನ್ನಡ ಶಬ್ದಾನೂ ದೇವನಾಗರಿಯಾಗ ಬರೀರಿ, ರಾತ್ರಿ ಮಾವಶಿಗೆ (ವಾರ್ಡಿನ ಆಯಾಗೆ) ಓದಾಕ ಬರಬೇಕಲ್ಲ.

ಕಲ್ಯಾಣ_ಕಿವಿಮಿಷನ್
ಕನ್ನಡಕ, ಕಿವಿ ಮಿಷನ್ ಎದ್ದ ಕೂಡಲೇ ಹಾಕಿಸಿ. ಮಿಷನ್ನಿನ ಸೆಲ್ಲು ಸ್ಟಿಕರ್ ಬಣ್ಣ ನೋಡಿ ತನ್ನಿ: ಕಂದು ಅಂದರೆ 312 ನಂಬರ್ ಸೈಜು, ಕಿತ್ತಳೆ ಅಂದರೆ 13. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ, ಗಾಳಿ ಒಳಹೋದರೇ ಅದು ಸರಿಯಾಗಿ ನಡೆಯೋದು. ರಾತ್ರಿ ಹೆಸರು ಬರೆದ ಡಬ್ಬಿಯಲ್ಲಿಡಿ. ದಿಂಬಿನ ಕೆಳಗಿಟ್ಟರೆ ಚಾದರದ ಜೊತೆ ಲಾಂಡ್ರಿಗೆ ಹೋಗುತ್ತೆ.

ಠಾಣೆ_ವಿಜಯಪುರ
ಕೈ ಕಟ್ಟೋ ಮಾತು ಬಂದೈತಿ. ಒಪ್ಪಲೇನು?

ವಾರ್ಡ್_ಸಿಸ್ಟರ್
ಕಟ್ಟಿದರೆ ಗಾಬರಿ, ಎಳೆದಾಟ ಹೆಚ್ಚಾಗುತ್ತೆ. ರಾತ್ರಿ ಮನೆಯವರೊಬ್ಬರು ಇರೋಕೆ ಪಾಸ್ ಕೇಳಿ. ಸಲಾಯಿನ್ ಇನ್ನೂ ಬೇಕಾ ಅಂತಲೂ ಕೇಳಿ. ಬೇಕೇ ಬೇಕಾದರೆ ಸೂಜಿ ಕಾಣದ ಹಾಗೆ ಬ್ಯಾಂಡೇಜ್ ಸುತ್ತಿಸಿ. ಏಳೋಕೆ ಹೊರಟರೆ ಮೊದಲು ಮೂತ್ರದ ಪಾಟ್ ಕೊಟ್ಟು ನೋಡಿ, ಎಷ್ಟೋ ಸಲ ಅವಸರ ಅದಕ್ಕೇ ಇರುತ್ತೆ.