ತಮ್ಮಾ, 10ನೇ ವಚನವನ್ನೂ ಓದು

ತಮ್ಮಾ, ವಾಯ್ಸ್ ಕಳಿಸ್ತಾ ಇದ್ದೇನೆ. ಟೈಪ್ ಮಾಡುತ್ತಾ ನಿಂತರೆ ಠಾಣೆ ಸ್ಟೇಷನ್ನೇ ಬಂದುಬಿಡುತ್ತದೆ. ಮುಂಬೈ ಲೋಕಲ್ ಗಾಡಿಯಲ್ಲಿ ಗಲಾಟೆ ಜಾಸ್ತಿ, ಸ್ವಲ್ಪ ಸಹಿಸ್ಕೋ.

ನಿನ್ನೆ ಚಿಕ್ಕಮ್ಮ ಗ್ರೂಪಲ್ಲಿ ಬೈಬಲಿನ ಯೆರೆಮೀಯ ಪ್ರವಾದಿಯ ಪುಸ್ತಕದಿಂದ 29:11 ಹಾಕಿದರು. ದೇವರು ನಮ್ಮ ಬಗ್ಗೆ ಹಿತವನ್ನೇ ಯೋಚಿಸುತ್ತಾನೆ ಅನ್ನುವ ವಚನ. ನೀನು ‘ಕೆಲಸ ಹೋಗಿ ಇಷ್ಟು ತಿಂಗಳಾಯ್ತು, ಇನ್ನು ಇದನ್ನು ಕಳಿಸಬೇಡಿ’ ಅಂದೆ. ಆಮೇಲೆ ಗ್ರೂಪಲ್ಲಿ ಯಾರೂ ಉಸಿರೆತ್ತಿಲ್ಲ. ಚಿಕ್ಕಮ್ಮಾ, ನೀವು ಬೇಜಾರು ಮಾಡ್ಕೋಬೇಡಿ.

ತಮ್ಮಾ, ನನಗೇನೋ ನಿನ್ನ ಸಿಟ್ಟು ಸರಿ ಅನಿಸಿತು. ಹೂವಿನ ಚಿತ್ರದ ಮೇಲೆ 11ನೇ ವಚನ ಮಾತ್ರ ಬರುತ್ತದೆ. 10ನೆಯದರಲ್ಲಿ ಯೆಹೂದ್ಯರು ಬಾಬೆಲಿನ ಸೆರೆಯಲ್ಲಿ 70 ವರ್ಷ ಕಳೆಯಬೇಕು ಅಂತಿದೆ, ಅದನ್ನು ಯಾರೂ ಹಾಕಲ್ಲ! ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದವನು ಹನನ್ಯ, ಹಿಂದಿನ ಅಧ್ಯಾಯದಲ್ಲಿ. ಸುಳ್ಳು ಪ್ರವಾದಿ ಅವನೇ. ಹಾಗಾಗಿ ಮುಂದಿನ ತಿಂಗಳು ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನಂತೂ ಹೇಳಲ್ಲ.

ನಿರೀಕ್ಷೆ ಅಂದರೆ ನನಗೆ ಅದೇ ಪುಸ್ತಕದ 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಬೀಳುತ್ತದೆ ಅಂದಿದ್ದಕ್ಕೆ ಅರಸ ಯೆರೆಮೀಯನನ್ನು ಕಾವಲಲ್ಲಿ ಇಟ್ಟಿದ್ದಾನೆ. ಆಗ ಚಿಕ್ಕಪ್ಪನ ಮಗ ಬಂದು, ಅನಾತೋತಿನ ನನ್ನ ಹೊಲ ಕೊಂಡ್ಕೋ ಅಂತಾನೆ. ಜಾಗದ ಮಾತು ತೆಗೆಯೋಕೆ ನೆಂಟರಿಗೆ ಹೊತ್ತುಗೊತ್ತೇ ಇಲ್ಲ, ಅಲ್ವಾ? ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿ ಹಾಕಿಸಿದ. ಕ್ರಯಪತ್ರ ಬಹಳ ಕಾಲ ಉಳಿಯಲಿ ಅಂತ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ತಡಿ, ಘಾಟ್ಕೋಪರ್ ಸ್ಟೇಷನ್ ಬಂತು, ನೂಕ್ತಾ ಇದ್ದಾರೆ... ಹಾಂ. ಎಲ್ಲ ಮುಗಿದ ಮೇಲೆ ದೇವರನ್ನೇ ಕೇಳಿದ: ಪಟ್ಟಣ ಶತ್ರುಗಳ ಪಾಲಾಗ್ತಿದೆ, ನೀನು ಹೊಲ ಕೊಂಡ್ಕೋ ಅಂತೀಯಲ್ಲ? ಅವನಿಗೂ ಅರ್ಥ ಆಗಿರಲಿಲ್ಲ. ಆದರೂ ಪತ್ರ ಮಾಡಿಸಿಬಿಟ್ಟಿದ್ದ.

ಭಾನುವಾರ ಆರಾಧನೆಗೆ ಬರೋಕೆ ಮನಸ್ಸಿಲ್ಲದಿದ್ದರೆ ಬಿಡು, ಪಾದ್ರಿಯವರಿಗೆ ನಾನು ಹೇಳ್ತೇನೆ. ಸಿಟ್ಟನ್ನು ಮಾತ್ರ ನುಂಗಬೇಡ, ದೇವರ ಹತ್ತಿರವೇ ಹೇಳು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬೈಬಲಿನಿಂದ ಯಾರೂ ಕಿತ್ತು ಹಾಕಿಲ್ಲವಲ್ಲ.

ಆದರೆ ಮಗಳ ಸ್ಕೂಲ್ ಬಿಡಿಸಿ ಊರಿಗೆ ಕಳಿಸುವ ಮಾತು ಬೇಡ. ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರದಲ್ಲಿ, ಅದೇ 29ನೇ ಅಧ್ಯಾಯದಲ್ಲಿ, ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತಿದೆ. ಗಂಟುಮೂಟೆ ಕಟ್ಟಿ ಕೂತಿರಿ ಅಂತ ಇಲ್ಲ. ಫೀಸ್ ಕಟ್ಟೋಕೆ ಕೊನೇ ದಿನ ಯಾವುದು? ಗ್ರೂಪಲ್ಲಿ ಬೇಡ, ನನಗೊಬ್ಬಳಿಗೇ ಕಳಿಸು.