ಮಂಡೇಲಾ ವೇಷಕ್ಕೆ ಮಸಿ ಬೇಕಾ?

ಓದುಗರ ಸಮಸ್ಯೆ: ಎರಡನೇ ಕ್ಲಾಸಿನ ಮಗನಿಗೆ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ನೆಲ್ಸನ್ ಮಂಡೇಲಾ ಪಾತ್ರ ಬಂದಿದೆ. ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯವರು 'ಮುಖಕ್ಕೆ, ಕೈಗೆ ಕಪ್ಪು ಬಳಿಯಿರಿ, ಫಸ್ಟ್ ಪ್ರೈಜ್ ಗ್ಯಾರಂಟಿ' ಎಂದರು. ಅಮೆರಿಕದಲ್ಲಿರುವ ಮೈದುನ ಫೋನಿನಲ್ಲಿ 'ಬೇಡವೇ ಬೇಡ ಅತ್ತಿಗೆ' ಎಂದು ರೇಗಿದ. ದಾವಣಗೆರೆಯಲ್ಲಿ ಇದರಿಂದ ಯಾರಿಗೆ ನೋವಾಗುತ್ತದೆ? ಏನು ಮಾಡಲಿ?

ಸ್ಪಂದನ

ನನ್ನ ಮಗಳು ನನ್ನ ಹಾಗೇ ಎಣ್ಣೆಗಪ್ಪು. ಶಾಲೆಯ ನಾಟಕದಲ್ಲಿ ಒಂದು ವರ್ಷ ಶೂರ್ಪನಖಿ, ಮರುವರ್ಷ ಪೂತನಿ. ಆಮೇಲೆ ಒಂದು ಸಲ ಓಬವ್ವನ ವೇಷ ಸಿಕ್ಕಿತು ನೋಡಿ, ಮನೆಯೆಲ್ಲ ಕುಣಿದಾಡಿದಳು. ಅಜ್ಜಿ ಮನೆಯಿಂದ ಒನಕೆ ತರಿಸಿದೆ. ಎತ್ತಲಾರದೆ ಎಳೆದುಕೊಂಡೇ ಓಡಾಡಿದಳು. ಕಾರ್ಯಕ್ರಮದ ದಿನ ಮೇಕಪ್‌ನವರು ಅವಳ ಮುಖಕ್ಕೆ ರೋಸ್ ಪೌಡರ್ ಮೆತ್ತಿದರು. 'ಫೋಟೋದಲ್ಲಿ ಕಾಣಬೇಕಲ್ವಾ' ಅಂತ. ಕುತ್ತಿಗೆಯ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಪಕ್ಕದಲ್ಲೇ ಇನ್ನೊಂದು ಸೆಕ್ಷನ್ನಿನ ಬೆಳ್ಳಗಿನ ಹುಡುಗಿ, ಅವಳೂ ಓಬವ್ವ. ಅವಳಿಗೆ ಅದೇ ಮೇಕಪ್‌ನವರು ಕಪ್ಪು ಬಳಿಯುತ್ತಿದ್ದರು. 'ಕಾವಲುಗಾರನ ಹೆಂಡತಿ, ಇಷ್ಟು ಬೆಳ್ಳಗಿದ್ರೆ ಯಾರು ನಂಬ್ತಾರೆ?' ಮನೆಗೆ ಬಂದ ಮಗಳು ಕೊಬ್ಬರಿ ಎಣ್ಣೆ ಹಚ್ಚಿ ಮುಖ ತಿಕ್ಕುತ್ತಾ 'ಅಮ್ಮಾ, ಹಾಗೇ ಹೋಗಿದ್ರೆ ಏನಾಗ್ತಿತ್ತು?' ಎಂದಳು. ಬಳಿಯಬೇಡಿ ಅಕ್ಕಾ.
– ಓದುಗರು, ಚಿತ್ರದುರ್ಗ

ನಾನು ಒಪ್ಪಲ್ಲ. ನಮ್ಮಪ್ಪ ಬಯಲಾಟದಲ್ಲಿ ಬಣ್ಣ ಹಚ್ಚುತ್ತಿದ್ದವರು. ವೇಷ ಅಂದಮೇಲೆ ಬಣ್ಣ ಇದ್ದೇ ಇರುತ್ತೆ. ಅಮೆರಿಕದವರ ಜಗಳ ನಮ್ಮೂರಿಗೆ ಯಾಕೆ? ಮಕ್ಕಳಾಟಕ್ಕೆ ಇಷ್ಟೆಲ್ಲ ಚರ್ಚೆ ಜಾಸ್ತಿ ಆಯ್ತು. ಒಂದು ಮಾತ್ರ, ಇದನ್ನು ಬರೆಯುವಾಗ ಹೊಳೆಯಿತು: ಕೃಷ್ಣ ಅಂದರೇ ಕಪ್ಪು. ಆದರೂ ನಾವು ಅವನಿಗೆ ಹಚ್ಚೋದು ನೀಲಿ. ಕಪ್ಪು ತೆಗೆದಿಟ್ಟಿರೋದು ರಾಕ್ಷಸರಿಗೆ. ಅದೇಕೋ ಗೊತ್ತಿಲ್ಲ. ಹಚ್ಚೋದೇ ಆದರೆ ಅಗ್ಗದ ಬಣ್ಣ ಬೇಡ, ಮಗುವಿಗೆ ತುರಿಕೆ ಬರುತ್ತೆ.
– ಓದುಗರು, ಜಗಳೂರು ತಾಲ್ಲೂಕು

ಯಾರಿಗೆ ನೋವಾಗುತ್ತದೆ ಎಂದು ಕೇಳಿದ್ದೀರಿ ಮೇಡಂ. ನನಗೆ ಆಗುತ್ತದೆ. ನಾನು ಯಲ್ಲಾಪುರ ಕಡೆಯ ಸಿದ್ದಿ, ಕೆಲಸಕ್ಕೆ ದಾವಣಗೆರೆಯಲ್ಲಿದ್ದೇನೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಸರ್ಕಾರ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಇಲ್ಲಿ ಬೆಣ್ಣೆದೋಸೆ ಹೋಟೆಲ್ಲಿನಲ್ಲಿ 'ಅಣ್ಣಾ, ಚಟ್ನಿ ಹಾಕಿ' ಎಂದರೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡುತ್ತಾರೆ. 'ಕನ್ನಡ ಚೆನ್ನಾಗಿ ಕಲ್ತಿದ್ದೀಯಾ, ಯಾವ ದೇಶ?' ಬಾಡಿಗೆ ಮನೆಯ ಓಣಿಯಲ್ಲಿ ಒಂದು ಮಗು ನನ್ನ ಕೈ ಉಜ್ಜಿ, ಬಣ್ಣ ಬಂತಾ ಅಂತ ತನ್ನ ಬೆರಳು ನೋಡಿಕೊಂಡಿತು. ಮಗುವಿನ ಮೇಲೆ ಸಿಟ್ಟಿಲ್ಲ. ನಿಮ್ಮ ಮಗ ಮಂಡೇಲಾ ಆಗೋದು ನನಗೂ ಖುಷಿಯೇ. ಮಸಿ ಮಾತ್ರ ಬೇಡ.
– ಓದುಗರು, ದಾವಣಗೆರೆ

ನಿಮ್ಮ ಮೈದುನ ರೇಗಿದ್ದು ಸುಮ್ನೆ ಅಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಬಿಳಿ ನಟರು ಸುಟ್ಟ ಬಿರಡೆಯ ಮಸಿ ಮುಖಕ್ಕೆ ಹಚ್ಚಿಕೊಂಡು, ಕಪ್ಪು ಜನರನ್ನು ಪೆದ್ದರಂತೆ ತೋರಿಸಿ ನಗಿಸುತ್ತಿದ್ದರು. ಅದೇ ಒಂದು ದೊಡ್ಡ ದಂಧೆಯಾಗಿತ್ತು.

ಈಗ ವೇಷದ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರದ ವರ್ಣಭೇದದ ವಿರುದ್ಧ ಹೋರಾಡಿದ ಮಂಡೇಲಾ 27 ವರ್ಷ ಜೈಲಿನಲ್ಲಿದ್ದರು. ಅದರಲ್ಲಿ 18 ವರ್ಷ ರಾಬೆನ್ ದ್ವೀಪದಲ್ಲಿ. ಅವರ ನಂಬರ್ 466/64, ಅಂದರೆ 1964ರಲ್ಲಿ ಅಲ್ಲಿಗೆ ಬಂದ 466ನೇ ಕೈದಿ. ಮೊದಮೊದಲು ಅಲ್ಲಿ ಆಫ್ರಿಕನ್ ಕೈದಿಗಳಿಗೆ ಕೊಡುತ್ತಿದ್ದುದು ಚಡ್ಡಿ. ಅದೇ ಕೇಸಿನಲ್ಲಿ ಶಿಕ್ಷೆಯಾದ, ಭಾರತೀಯ ಮೂಲದ ಅಹ್ಮದ್ ಕತ್ರಾಡಾ ಅವರಿಗೆ ಉದ್ದ ಪ್ಯಾಂಟ್. ಕತ್ರಾಡಾಗೆ ಬ್ರೆಡ್ ಸಿಗುತ್ತಿತ್ತು, ಮಂಡೇಲಾಗೆ ಇಲ್ಲ. ವಯಸ್ಸಿನಲ್ಲಿ ಮಂಡೇಲಾ ಹನ್ನೊಂದು ವರ್ಷ ದೊಡ್ಡವರು!

ಮಗನಿಗೆ ಖಾಕಿ ಚಡ್ಡಿ ಹಾಕಿ. ಅದು ಮನೆಯಲ್ಲೇ ಸಿಗಬಹುದು, ಬಾಡಿಗೆಯೂ ಉಳಿಯಿತು. ಎದೆಗೆ ರಟ್ಟಿನ ಮೇಲೆ 466/64 ಬರೆದು ಕಟ್ಟಿ. ಪಕ್ಕದಲ್ಲಿ ಅವನ ಗೆಳೆಯನೊಬ್ಬ ಉದ್ದ ಪ್ಯಾಂಟ್ ಹಾಕಿ ಬ್ರೆಡ್ ಹಿಡಿದು ನಿಲ್ಲಲಿ. 'ಅವನಿಗೆ ಪ್ಯಾಂಟ್, ನನಗೆ ಚಡ್ಡಿ. ಯಾಕೆ ಗೊತ್ತಾ?' ಅಂತ ನಿಮ್ಮ ಮಗ ಕೇಳಿದರೆ ಸಾಕು, ಎರಡನೇ ಕ್ಲಾಸಿನವರಿಗೂ ಅರ್ಥವಾಗುತ್ತೆ.

ಬಹುಮಾನದ ಗ್ಯಾರಂಟಿ ನಾನು ಕೊಡಲಾರೆ. ಹಿಂದೊಮ್ಮೆ ಇಂಥದ್ದೇ ಸ್ಪರ್ಧೆಗೆ ನಾನೇ ತೀರ್ಪುಗಾರಳಾಗಿದ್ದೆ. ಮೈತುಂಬ ಮಸಿ ಬಳಿದುಕೊಂಡು ಬಂದ ಒಬ್ಬ ಪುಟ್ಟ ಮಂಡೇಲಾಗೆ ಮೊದಲ ಬಹುಮಾನ ಕೊಟ್ಟೆ. ಆ ಮಗು ವೇದಿಕೆಯ ಮೇಲೆ ಒಂದೇ ಒಂದು ಮಾತು ಆಡಿರಲಿಲ್ಲ.
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ